ಕಂಪ್ಯೂಟರ್ ನೆರವಿನ ಕಲಿಕೆ ಮತ್ತು ಪದವಿ ವಿದ್ಯಾರ್ಥಿಗಳ ಸಾಧನೆ: ಮೈಲಾರ ಸೀಮೆಯಲ್ಲಿ ಅಳೆಯುವ ಬಗೆ

ಕಂಪ್ಯೂಟರ್ ಬಂದ ಮೇಲೆ ಫಲಿತಾಂಶ ಸುಧಾರಿಸಿತೇ ಎಂದು ಕೇಳಿದರೆ ಹಿಂದಿನ ಮತ್ತು ಈಗಿನ ಅಂಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ವಾಡಿಕೆ. ಮೈಲಾರ ಸೀಮೆಯ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಪದವಿ ಕಾಲೇಜುಗಳ ಮಟ್ಟಿಗೆ ಈ ದಾರಿಯಲ್ಲಿ ಹೋದರೆ ತಪ್ಪು ತೀರ್ಮಾನವೇ ಗತಿ. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರನ್ನು ಪರೀಕ್ಷೆಯಿಲ್ಲದೆಯೇ ತೇರ್ಗಡೆ ಮಾಡಲು ನಿರ್ಧರಿಸಿತು. 2021ರಲ್ಲಿ ಸರ್ಕಾರಿ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆಯೂ ಟ್ಯಾಬ್‌ಗಳೂ ಬಂದವು. ಅದೇ ಸಾಲಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಯಾಯಿತು. 2024-25ರಲ್ಲಿ ಅದನ್ನೂ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಏರಿದ ಅಂಕ ಟ್ಯಾಬ್‌ನದೋ, ಹೊಸ ಪಠ್ಯದ್ದೋ, ಮೌಲ್ಯಮಾಪನದ ಸಡಿಲಿಕೆಯದೋ ಎಂದು ಅಂಕಪಟ್ಟಿಯೊಂದರಿಂದಲೇ ಬಿಡಿಸಿ ಹೇಳಲಾಗದು.

ಹೊರಗಿನ ಅಧ್ಯಯನಗಳೂ ಇದೇ ಎಚ್ಚರವನ್ನು ಕಲಿಸುತ್ತವೆ. ಅಮೆರಿಕದಲ್ಲಿ ಕೂಲಿಕ್ ಮತ್ತು ಸಂಗಡಿಗರು 1980ರಲ್ಲಿ ಕಾಲೇಜು ಮಟ್ಟದ 59 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕಂಪ್ಯೂಟರ್ ಬೋಧನೆಯಿಂದ ಸಣ್ಣದಾದರೂ ನಿಜವಾದ ಲಾಭವಿದೆ ಎಂದರು. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಅದನ್ನು ಪ್ರಶ್ನಿಸಿದರು. ಕಂಪ್ಯೂಟರ್ ಬಳಸಿದ, ಬಳಸದ ಎರಡೂ ಗುಂಪಿಗೆ ಒಬ್ಬರೇ ಅಧ್ಯಾಪಕರು ಪಾಠ ಮಾಡಿದಲ್ಲಿ ಆ ಲಾಭ ಬಹುಪಾಲು ಕರಗುತ್ತದೆ, ಆದ್ದರಿಂದ ಫಲ ಕೊಟ್ಟದ್ದು ಬೋಧನೆಯ ವಿಧಾನವೇ ಹೊರತು ಯಂತ್ರವಲ್ಲ ಎಂಬುದು ಅವರ ವಾದ.

ನಮಗೆ ಹೆಚ್ಚು ಹತ್ತಿರವಾದದ್ದು ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳ ಮಕ್ಕಳ ಮೇಲೆ ಲೀ ಲಿಂಡನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಗಣಿತದ ತಂತ್ರಾಂಶವನ್ನು ಎರಡು ರೀತಿ ಬಳಸಲಾಯಿತು. ತರಗತಿಯ ವೇಳೆಯನ್ನೇ ತೆಗೆದು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು ಹಿಂದೆ ಬಿದ್ದರು. ಶಾಲೆ ಮುಗಿದ ಮೇಲೆ ಹೆಚ್ಚುವರಿಯಾಗಿ ಕೊಟ್ಟ ಕಡೆ, ಅದರಲ್ಲೂ ಕಲಿಕೆಯಲ್ಲಿ ಹಿಂದಿದ್ದವರು, ಮುಂದೆ ಬಂದರು. ಅವರು ಎಳೆಯ ಮಕ್ಕಳು, ನಮ್ಮವರು ಪದವಿ ವಿದ್ಯಾರ್ಥಿಗಳು, ನಿಜ. ಆದರೂ ಅತಿಥಿ ಉಪನ್ಯಾಸಕರ ಮೇಲೆಯೇ ನಿಂತ ಸರ್ಕಾರಿ ಕಾಲೇಜುಗಳಲ್ಲಿ ಈ ಭೇದ ಜೀವನ್ಮರಣದ್ದು. ಹುದ್ದೆ ಖಾಲಿ ಇದ್ದಾಗ ವಿಡಿಯೊ ಪಾಠ ಹಾಕಿ ಪಿರಿಯಡ್ ತುಂಬಿಸಿದರೆ ಅದನ್ನು ಕಂಪ್ಯೂಟರ್ ನೆರವಿನ ಕಲಿಕೆ ಎನ್ನಲು ನಾನು ಒಪ್ಪಲಾರೆ. ಅದು ಮೇಷ್ಟ್ರಿಲ್ಲದ ಕೊರತೆಯನ್ನು ಮುಚ್ಚಿಡುವ ಉಪಾಯ.

ಆದರೆ ಧ್ವನಿಮುದ್ರಿತ ಪಾಠಕ್ಕೆ ಇಲ್ಲಿ ನಿಜವಾದ ಕೆಲಸವೊಂದಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಸೀಮೆಯೂ ಇದೆ. ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾ, ಹಟ್ಟಿಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೋಗುತ್ತವೆ. ಮನೆಯಲ್ಲಿ ಉಳಿದ ವಿದ್ಯಾರ್ಥಿಗೆ ದನಕರು, ಅಜ್ಜ-ಅಜ್ಜಿ, ತಮ್ಮ-ತಂಗಿಯರ ಹೊಣೆ. ತಪ್ಪಿದ ಪಾಠವನ್ನು ರಾತ್ರಿ ಮೊಬೈಲಿನಲ್ಲಿ ಕೇಳಿಸಿಕೊಳ್ಳುವ ಅಂಥವರಿಗೆ ಎಷ್ಟು ಲಾಭವಾಯಿತೆಂಬುದು ಇಡೀ ತರಗತಿಯ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಅವರ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು. ಪಾಠದ ಭಾಷೆಯನ್ನೂ ಗಮನಿಸಬೇಕು: 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲದ ಆನ್‌ಲೈನ್ ಕೋರ್ಸುಗಳು ಬಹುಪಾಲು ಇಂಗ್ಲಿಷಿನವು, ಇಲ್ಲಿನ ಬಿ.ಎ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಉತ್ತರ ಬರೆಯುವುದು ಕನ್ನಡದಲ್ಲಿ.

ಹೀಗಾಗಿ ಹೋಲಿಕೆ ಒಂದೇ ಕಾಲೇಜು, ಒಂದೇ ಸೆಮಿಸ್ಟರ್, ಒಬ್ಬರೇ ಅಧ್ಯಾಪಕರ ಎರಡು ಗುಂಪುಗಳ ನಡುವೆ ಆಗಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ತರಗತಿ ಮುಗಿದ ಮೇಲೆ ಒಂದು ಗುಂಪಿಗೆ ಲ್ಯಾಬಿನಲ್ಲಿ ಎಷ್ಟು ವೇಳೆಯೋ ಇನ್ನೊಂದಕ್ಕೆ ಅಧ್ಯಾಪಕರ ಜೊತೆ ಅಷ್ಟೇ ವೇಳೆ ಸಿಗಬೇಕು. ಇಲ್ಲವಾದರೆ ಹೆಚ್ಚು ಹೊತ್ತು ಓದಿದ್ದರ ಫಲವನ್ನು ಯಂತ್ರದ ಹೆಸರಿಗೆ ಬರೆದಂತಾಗುತ್ತದೆ. ಪರೀಕ್ಷೆಯ ಸ್ವರೂಪವೂ ಮುಖ್ಯ. ಲ್ಯಾಬಿನ ಅಭ್ಯಾಸ ಸಾಮಾನ್ಯವಾಗಿ ಸರಿಯುತ್ತರ ಆರಿಸುವಂಥದ್ದು, ವಿಶ್ವವಿದ್ಯಾಲಯ ಕೇಳುವುದು ಪುಟಗಟ್ಟಲೆ ಕೈಬರಹದ ಉತ್ತರ. ಒಂದರಲ್ಲಿ ಗಳಿಸಿದ್ದು ಇನ್ನೊಂದರಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಆರಂಭ ಮತ್ತು ಕೊನೆಯ ಪರೀಕ್ಷೆಗಳೆರಡರಲ್ಲೂ ಎರಡೂ ಬಗೆಯ ಪ್ರಶ್ನೆಗಳಿರಬೇಕು; ಉತ್ತರ ಪತ್ರಿಕೆ ತಿದ್ದುವವರಿಗೆ ಅದು ಯಾವ ಗುಂಪಿನದೆಂದು ಗೊತ್ತಿರಬಾರದು.