ಹಿಮದಲ್ಲಿ ಕೂತ ಧೂಳು

ಬೇಸಿಗೇಲಿ ದಾವಣಗೆರೆಯಿಂದ ಹರಿಹರಕ್ಕೆ ಬೈಕಲ್ಲಿ ಹೋದ್ರೆ ಕನ್ನಡಕದ ಮೇಲೆ ಒಂದು ಪದರ ಧೂಳು ಖಾತ್ರಿ. ಅಂಗಿ ತುದೀಲಿ ಒರೆಸಿ ಮರೆತುಬಿಡ್ತೀವಿ. ಒರೆಸದೆ ಇಟ್ಟುಕೊಳ್ಳೋದು ಹಿಮ.

ಧ್ರುವಗಳಲ್ಲಿ, ಎತ್ತರದ ಹಿಮನದಿಗಳಲ್ಲಿ ವರ್ಷವರ್ಷದ ಹಿಮ ಪದರ ಪದರವಾಗಿ ಕೂರುತ್ತೆ. ಆ ವರ್ಷ ಗಾಳೀಲಿ ಬಂದ ಧೂಳೂ ಒಳಗೇ ಸಿಕ್ಕಿಕೊಳ್ಳುತ್ತೆ. ವಿಜ್ಞಾನಿಗಳು ಅದನ್ನು ಉದ್ದನೆ ಕಂಬದ ಹಾಗೆ ಕೊರೆದು ತೆಗೆದು, ತುಂಡು ತುಂಡಾಗಿ ಕರಗಿಸಿ, ಕಣ ಎಣಿಸ್ತಾರೆ. ನನ್ನಂಥವನ ಕಣ್ಣಿಗೆ ಅದು ಸರ್ವರ್ ಲಾಗ್, ಟೈಮ್‌ಸ್ಟ್ಯಾಂಪ್ ಸಮೇತ.

ಅಂಟಾರ್ಕ್ಟಿಕಾದ ಲಾಗ್‌ನಲ್ಲಿ ಹಿಮಯುಗಗಳ ಕಥೆ ಇದೆ. ನಮ್ಮ ಮುಂಗಾರಿನ ಕಥೆ ಬೇಕಂದ್ರೆ ಟಿಬೆಟ್‌ಗೆ ಹೋಗಬೇಕು. 1997ರಲ್ಲಿ ಅಮೆರಿಕದ ಲಾನಿ ಥಾಂಪ್ಸನ್ ತಂಡ ಅಲ್ಲಿನ ದಾಸುವೋಪು ಹಿಮನದೀಲಿ, 7,000 ಮೀಟರ್‌ಗೂ ಮೇಲೆ, ಕೊರೆಯಿತು. ಮುಂಗಾರು ಸೋತ ವರ್ಷಗಳ ಹಿಮದಲ್ಲಿ ಧೂಳು, ಕ್ಲೋರೈಡ್ ಎರಡೂ ಜಾಸ್ತಿ. (ಅದು ನಮ್ಮೂರಿನ ಧೂಳು ಅಂತಲ್ಲ, ಮುಂಗಾರು ಮಾತ್ರ ಒಂದೇ.) 2000ದಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸಾವಿರ ವರ್ಷದಲ್ಲೇ ಅತಿ ಕೆಟ್ಟ ಬರ 1790ರಿಂದ 1796.

ಇಸವಿ ನೋಡಿ ಎದ್ದು ಕೂತೆ. 1791–92 ಅಂದ್ರೆ ಹರಿಹರದ ಹೊಳೆ ದಾಟಿದರೆ ಸಿಗೋ ಹಳೇ ಧಾರವಾಡ ಸೀಮೆಯ 'ಡೋಜಿ ಬರ', ತಲೆಬುರುಡೆಯ ಬರ. ಹೂಳೋಕೂ ಜನ ಉಳಿಯದೆ ಬುರುಡೆಗಳು ಬಯಲಲ್ಲೇ ಬಿದ್ದಿದ್ದವಂತೆ.

ಆದರೆ ಬರೀ ಲಾಗ್ ನೋಡಿ ಮೂಲ ಕಾರಣ ಹೇಳಿಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಅದೇ ಹೊತ್ತಲ್ಲಿ ಟಿಪ್ಪು ವಿರುದ್ಧ ಯುದ್ಧ ನಡೀತಿತ್ತು. ಪರಶುರಾಮ ಭಾವುವಿನ ಮರಾಠಾ ದಂಡು ತಿಂಗಳುಗಟ್ಟಲೆ ಧಾರವಾಡಕ್ಕೆ ಮುತ್ತಿಗೆ ಹಾಕಿತ್ತು. ದಂಡು ಹೋದ ದಾರೀಲಿ ಕಾಳು, ಮೇವು, ದನ ಯಾವುದೂ ಉಳಿಯಲ್ಲ. ಮಳೆ ಬರಲಿಲ್ಲ ಅಂತ ಹಿಮ ಹೇಳುತ್ತೆ. ಹಗೇವು ಖಾಲಿ ಮಾಡಿದ್ದು ಯಾರು ಅಂತ ಹೇಳಲ್ಲ. 1876–78ರ ಧಾತು-ಈಶ್ವರ ಬರದಲ್ಲೂ ಹೀಗೇ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷ ಇದ್ದ ಜನ 1881ಕ್ಕೆ ಸುಮಾರು ನಲವತ್ತೆರಡು ಲಕ್ಷ. ಅತ್ತ ಬಂದರುಗಳಲ್ಲಿ ಧಾನ್ಯ ಹಡಗು ಹತ್ತುತ್ತಲೇ ಇತ್ತು.

ಹಗೇವು ಅಂದ್ರೆ ನೆಲದೊಳಗೆ ಕಾಳು ತುಂಬಿಡೋ ಗುಂಡಿ. ನಮ್ಮ ಅಜ್ಜಿ ಮನೆ ಮುಂದೂ ಒಂದಿತ್ತು. ಬಾಯಿ ತೆಗೆದ ದಿನ ಮೊದಲು ದೀಪ ಇಳಿಸಿ, ಆರಲಿಲ್ಲ ಅಂತ ನೋಡಿಕೊಂಡೇ ಆಳನ್ನ ಇಳಿಸ್ತಿದ್ರಂತೆ. ಭದ್ರಾ ನಾಲೆ ಬಂದು ಭತ್ತ ಶುರುವಾದ ಮೇಲೆ ಮಣ್ಣು ತುಂಬಿ ಮುಚ್ಚಿದರು. ಆಮೇಲೆ ಸಿಮೆಂಟ್ ಬಿತ್ತು. ಊರಿಗೆ ಹೋದಾಗ ನಾನು ಬೈಕ್ ನಿಲ್ಲಿಸೋದು ಅಲ್ಲೇ.