ಮುದ್ರಿತ ಹಾಳೆಗಳಲ್ಲಿ ಸಿಕ್ಕ ಯಂತ್ರ

ಪಿಡಿಪಿ-7 ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಮಿನಿಕಂಪ್ಯೂಟರ್. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್‌ನ ಮೊದಲ ರೂಪವನ್ನು ಬರೆದದ್ದು ಇಂಥದೊಂದು ಯಂತ್ರದ ಮೇಲೆ. ಅದರ ಸೋರ್ಸ್ ಕೋಡ್‌ನ ಮುದ್ರಿತ ಹಾಳೆಗಳು ಹಲವು ದಶಕಗಳ ನಂತರ ಬೆಳಕಿಗೆ ಬಂದವು. 2016ರಲ್ಲಿ ವಾರೆನ್ ಟೂಮಿ ಮತ್ತು ಸಂಗಡಿಗರು ಅವುಗಳಿಗೆ ಮತ್ತೆ ಜೀವ ಕೊಡಲು ಹೊರಟರು.

ಆ ಯಂತ್ರಕ್ಕೆ ಏನೇನು ಜೋಡಿಸಿದ್ದರು? ಉತ್ತರ ಕೋಡ್‌ನಲ್ಲೇ ಇತ್ತು. ದಾನಶಾಸನ ಹೊಲದ ಎಲ್ಲೆ ಹೇಳುತ್ತ ಅಂದಿನ ಬಾವಿ, ಕೆರೆ, ದಾರಿಗಳನ್ನೂ ತಿಳಿಸಿಬಿಡುತ್ತದಲ್ಲ, ಹಾಗೆ. ಯಾವುದೇ ಸಾಧನದಿಂದ ಅಡಚಣೆ ಸಂಕೇತ ಬಂದಾಗ ಪ್ರೋಗ್ರಾಮ್ ಒಂದೊಂದನ್ನೂ ಸರದಿಯಂತೆ ವಿಚಾರಿಸುತ್ತದೆ: ಗಡಿಯಾರವೇ, ಡಿಸ್ಕೇ, ಕೀಲಿಮಣೆಯೇ, ಟೆಲಿಪ್ರಿಂಟರೇ, ಕಾಗದದ ಪಟ್ಟಿ ಓದುವ ಯಂತ್ರವೇ, ರಂಧ್ರ ಕೊರೆಯುವ ಯಂತ್ರವೇ? ಇಲ್ಲದ ಸಾಧನವನ್ನು ಯಾರೂ ವಿಚಾರಿಸುವುದಿಲ್ಲ.

ಸ್ಮರಣೆ 8,192 ಪದ, ಪ್ರತಿ ಪದಕ್ಕೆ 18 ಬಿಟ್. ಇಂದಿನ ಲೆಕ್ಕದಲ್ಲಿ 18 ಕಿಲೋಬೈಟ್ ಮಾತ್ರ. ಕೆಳಗಿನ ಅರ್ಧ ಯುನಿಕ್ಸ್‌ಗೆ, ಮೇಲಿನ ಅರ್ಧ ಬಳಕೆದಾರನಿಗೆ. ಡಿಸ್ಕ್‌ನ ಗುರುತು ಇನ್ನೂ ಸೊಗಸು. ಕೋಡ್ ಬ್ಲಾಕ್ ಸಂಖ್ಯೆಯನ್ನು ದಶಮಾಂಶ ಅಂಕಿಗಳಾಗಿ ಒಡೆದು ಕಳಿಸುತ್ತದೆ. ಅಂಥ ವಿಳಾಸ ಬೇಡುತ್ತಿದ್ದದ್ದು ಆರ್‌ಬಿ09 ಎಂಬ ಅಪರೂಪದ ಡಿಸ್ಕ್, ಸುಮಾರು ಹತ್ತು ಲಕ್ಷ ಪದಗಳ ಸಾಮರ್ಥ್ಯದ್ದು.

ಹೀಗೆ ತಿಳಿದ ವಿವರಗಳಿಂದ ಮೊದಲು ತಂತ್ರಾಂಶದಲ್ಲೇ ಯಂತ್ರದ ಪ್ರತಿರೂಪ ಸಿದ್ಧವಾಯಿತು. ಆಮೇಲೆ ಸಿಯಾಟಲ್‌ನ ಕಂಪ್ಯೂಟರ್ ಸಂಗ್ರಹಾಲಯವೊಂದರಲ್ಲಿ ನಿಜವಾದ ಪಿಡಿಪಿ-7 ಮೇಲೂ ಅದೇ ಯುನಿಕ್ಸ್ ಓಡಿತು. ಡಿಸ್ಕ್ ಮಾತ್ರ ಹೊಸದಾಗಿ ಕಟ್ಟಿದ ಬದಲಿ.