ಅರೆತಲೆನೋವಿನ ಮೂಲ: ರಕ್ತನಾಳದಿಂದ ಮಿದುಳಿಗೆ

ಅರೆತಲೆನೋವು, ಅಂದರೆ ಮೈಗ್ರೇನ್, ಬಹಳ ಹಳೆಯ ಕಾಯಿಲೆ. ಆಯುರ್ವೇದ ಗ್ರಂಥಗಳು ಅದನ್ನು ಅರ್ಧಾವಭೇದಕ ಎಂದು ಬೇರೆಯಾಗಿಯೇ ಗುರುತಿಸಿವೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಅದಕ್ಕೆ ಹೇಳುತ್ತಿದ್ದ ಕಾರಣ ಪಿತ್ತ. ಬಿಸಿಲಲ್ಲಿ ತಿರುಗಿದರೆ, ಊಟದ ಹೊತ್ತು ಮೀರಿದರೆ, ನಿದ್ದೆಗೆಟ್ಟರೆ ಪಿತ್ತ ಕೆರಳುತ್ತದೆ, ವಾಂತಿಯಾದರೆ ಇಳಿಯುತ್ತದೆ ಎಂಬ ನಂಬಿಕೆ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಶುಂಠಿ ತೇಯ್ದು ಹಚ್ಚಿ, ಕತ್ತಲ ಕೋಣೆಯಲ್ಲಿ ಮಲಗುವುದು ಮದ್ದು. ಪಿತ್ತದ ವಿವರಣೆ ಇಂದು ನಿಲ್ಲುವುದಿಲ್ಲ. ಆದರೆ ಅದರ ಹಿಂದಿನ ಗಮನಿಕೆ ಚುರುಕಾದದ್ದು: ಬೆಳಕು ಸಹಿಸದಿರುವುದು, ವಾಕರಿಕೆ, ಹಸಿವು ಮತ್ತು ನಿದ್ದೆಯೊಡನೆ ನೋವಿಗಿರುವ ನಂಟು, ಇವೆಲ್ಲ ಅದರಲ್ಲಿ ದಾಖಲಾಗಿವೆ.

ಪಶ್ಚಿಮದ ವೈದ್ಯರು ಮೊದಲು ದೂರಿದ್ದು ರಕ್ತನಾಳಗಳನ್ನು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್, ತಲೆಯ ನಾಳಗಳು ಹಿಗ್ಗುವುದರಿಂದ ನೋವು ಬರುತ್ತದೆಂದರು. 1938ರಲ್ಲಿ ನ್ಯೂಯಾರ್ಕಿನ ಗ್ರಹಾಂ ಮತ್ತು ಹೆರಾಲ್ಡ್ ವುಲ್ಫ್ ಇದಕ್ಕೆ ಪ್ರಯೋಗದ ಬಲ ಕೊಟ್ಟರು. ನಾಳಗಳನ್ನು ಕುಗ್ಗಿಸುವ ಎರ್ಗೊಟಮಿನ್ ಮದ್ದು ಚುಚ್ಚಿದಾಗ ಕಣತಲೆಯ ನಾಳದ ಮಿಡಿತ ತಗ್ಗಿತು, ನೋವೂ ಕಡಿಮೆಯಾಯಿತು. ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ಬೋಧಿಸಿದವು.

ಬೇರೊಂದು ಸುಳಿವು ಅಷ್ಟರಲ್ಲೇ ಸಿಕ್ಕಿತ್ತು. ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಹರಿಯುತ್ತದೆ. ಇದನ್ನು ಆರಾ ಎನ್ನುತ್ತಾರೆ. ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲೆ ತಮಗೇ ಕಂಡ ಗೆರೆಯನ್ನು ಕಾಗದದ ಮೇಲೆ ಗುರುತಿಸುತ್ತ ಹೋಗಿ, ಮಿದುಳಿನ ದೃಷ್ಟಿ ಭಾಗದಲ್ಲಿ ಏನೋ ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಸರಿಯುತ್ತಿದೆ ಎಂದು 1941ರಲ್ಲಿ ಲೆಕ್ಕ ಹಾಕಿದರು. ಮೂರು ವರ್ಷಗಳ ನಂತರ ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವ್, ಮೊಲದ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆಯನ್ನು ಅಡಗಿಸುತ್ತ ನಿಧಾನವಾಗಿ ಹರಡುವ ಅಲೆಯೊಂದನ್ನು ಕಂಡರು. ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ಆದರೆ ಬದುಕಿರುವ ಮನುಷ್ಯನ ಮಿದುಳಿನೊಳಗೆ ಅದನ್ನು ನೋಡುವ ಉಪಾಯ ಆಗ ಇರಲಿಲ್ಲ.

ಆ ಉಪಾಯ ಒದಗಿದ್ದು ವಿಕಿರಣಶೀಲ ಕ್ಸೆನಾನ್‌ನಿಂದ. 1981ರಲ್ಲಿ ಕೋಪನ್‌ಹೇಗನ್‌ನ ಯೆಸ್ ಓಲೆಸೆನ್ ಮತ್ತು ಸಂಗಡಿಗರು ಅದನ್ನು ಅರೆತಲೆನೋವಿನ ರೋಗಿಗಳ ಕುತ್ತಿಗೆಯ ಧಮನಿಗೆ ಚುಚ್ಚಿ ಮಿದುಳಿನ ರಕ್ತಸಂಚಾರ ಅಳೆದರು. ಹಿಂಭಾಗದಲ್ಲಿ ಶುರುವಾದ ರಕ್ತದ ಇಳಿತ ಮೆಲ್ಲನೆ ಮುಂದಕ್ಕೆ ಹರಡಿತು. ಮುಂದಿನ ಅಳತೆಗಳಲ್ಲಿ, ರಕ್ತಸಂಚಾರ ಇನ್ನೂ ಕಡಿಮೆ ಇರುವಾಗಲೇ ನೋವು ಶುರುವಾಗುತ್ತದೆಂದು ಗೊತ್ತಾಯಿತು. ನಾಳ ಹಿಗ್ಗಿದ್ದರಿಂದಲೇ ನೋವು ಎಂಬ ವಾದಕ್ಕೆ ಇದು ದೊಡ್ಡ ಪೆಟ್ಟು. 1994ರಲ್ಲಿ ಅಮೆರಿಕದಲ್ಲಿ ದೃಷ್ಟಿಯ ಅಧ್ಯಯನಕ್ಕೆಂದು ಪೆಟ್ ಸ್ಕ್ಯಾನ್ ಯಂತ್ರದಲ್ಲಿ ಮಲಗಿದ್ದ ಯುವತಿಗೆ ಅಲ್ಲೇ ಹಿಂತಲೆಯಲ್ಲಿ ಮೈಗ್ರೇನ್ ನೋವು ಬಂತು. ಅವಳ ಮಿದುಳಿನಲ್ಲೂ ಹಿಂದಿನಿಂದ ಮುಂದಕ್ಕೆ ರಕ್ತದ ಇಳಿತ ಹಬ್ಬುವುದು ದಾಖಲಾಯಿತು. ಮರುವರ್ಷ ಜರ್ಮನಿಯ ವೈಲರ್ ತಂಡ ಇನ್ನೂ ಮಹತ್ವದ ಸಂಗತಿ ತೋರಿಸಿತು: ಸುಮಾಟ್ರಿಪ್ಟಾನ್ ಎಂಬ ಮದ್ದು ಕೊಟ್ಟು ನೋವು ಹೋದ ಮೇಲೂ ಮಿದುಳುಕಾಂಡ ಚುರುಕಾಗಿಯೇ ಇತ್ತು, ಅಂದರೆ ಆ ಚಟುವಟಿಕೆ ಬರೀ ನೋವಿನ ಪರಿಣಾಮವಲ್ಲ.

ಲಿಯಾವ್ ಕಂಡ ಅಲೆ ಮನುಷ್ಯನಲ್ಲಿ ಸ್ಪಷ್ಟವಾಗಿ ತೋರಿದ್ದು 2001ರಲ್ಲಿ, ನೂಶಿನ್ ಹಾಜಿಖಾನಿಯವರ ಎಂಆರ್‌ಐ ಚಿತ್ರಗಳಲ್ಲಿ. ಒಬ್ಬ ರೋಗಿಗೆ ಬ್ಯಾಸ್ಕೆಟ್‌ಬಾಲ್ ಆಡಿ ದಣಿದರೆ ಆರಾ ಬರುತ್ತಿತ್ತು. ಆತ ಒಂದು ಗಂಟೆಗೂ ಹೆಚ್ಚು ಹೊತ್ತು ಆಡಿ ಯಂತ್ರದೊಳಗೆ ಮಲಗಿದ. ದೃಷ್ಟಿ ಭಾಗದಲ್ಲಿ ಅಲೆ ಹರಿದದ್ದು ನಿಮಿಷಕ್ಕೆ ಸುಮಾರು 3.5 ಮಿ.ಮೀ. ಲ್ಯಾಶ್ಲೆ ಬರೀ ಕಾಗದದ ಮೇಲಿನ ಗುರುತುಗಳಿಂದ ಹಾಕಿದ ಲೆಕ್ಕ ಅಷ್ಟು ಹತ್ತಿರ ಬಂದದ್ದು ಈ ಇತಿಹಾಸದ ಅತ್ಯಂತ ಸುಂದರ ಘಟ್ಟ.

2016ರಲ್ಲಿ ಹ್ಯಾಂಬರ್ಗಿನ ಶುಲ್ಟೆ ಮತ್ತು ಆರ್ನೆ ಮೇ ಒಬ್ಬ ಮಹಿಳೆಯನ್ನು 30 ದಿನ ಪ್ರತಿನಿತ್ಯ ಸ್ಕ್ಯಾನ್ ಮಾಡಿದರು. ನೋವಿಗೆ ಸುಮಾರು ಒಂದು ದಿನ ಮುಂಚೆಯೇ ಹೈಪೊಥಲಾಮಸ್‌ನ ಚಟುವಟಿಕೆ ಬದಲಾಗಿತ್ತು. ಹಸಿವು, ನಿದ್ದೆ, ಬಾಯಾರಿಕೆಗಳನ್ನು ನೋಡಿಕೊಳ್ಳುವ ಭಾಗವಿದು. ರೋಗಿ ಕಾರಣವೆಂದು ಭಾವಿಸುವ ಹಸಿವೋ ಆಕಳಿಕೆಯೋ ಕೆಲವೊಮ್ಮೆ ಆಗಲೇ ಶುರುವಾದ ನೋವಿನ ಮುನ್ಸೂಚನೆಯೂ ಆಗಿರಬಹುದು.

ಕರ್ನಾಟಕದಲ್ಲಿ ಈ ನೋವಿನ ಹರವನ್ನು ಅಳೆದದ್ದು ಯಂತ್ರವಲ್ಲ, ಮನೆಮನೆ ಭೇಟಿ. ಬೆಂಗಳೂರಿನ ನಿಮ್ಹಾನ್ಸ್‌ನ ಗಿರೀಶ್ ಕುಲಕರ್ಣಿ, ಜಿ. ಗುರುರಾಜ್ ಮತ್ತಿತರರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ 2,329 ಜನರನ್ನು ವಿಚಾರಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷವೊಂದರಲ್ಲಿ ಮೈಗ್ರೇನ್ ಕಾಡಿದವರು ಶೇ. 25.2, ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ತಲೆಗೆ ನೀರು ಹಾಕಿಕೊಂಡರೆ ನೋವು ಬರುತ್ತದೆಂಬ ಹೆಂಗಸರ ಮಾತನ್ನೂ ಭಾರತದ ವೈದ್ಯರು ಕಡೆಗಣಿಸಲಿಲ್ಲ: ಮುಂಬಯಿಯ ಕೆ. ರವಿಶಂಕರ್ 2006ರಲ್ಲಿ ಅಂಥ 94 ರೋಗಿಗಳ ವಿವರ ಬರೆದರು.

ಇಷ್ಟೆಲ್ಲ ಚಿತ್ರಗಳು ಬಂದರೂ ಮೈಗ್ರೇನ್ ಪತ್ತೆಗೆ ಸ್ಕ್ಯಾನ್ ಬೇಕಿಲ್ಲ. ಆಸ್ಪತ್ರೆಯ ಸಾಮಾನ್ಯ ಸಿಟಿ, ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಸಂಶೋಧಕರು ಹಿಡಿದದ್ದು ಅದರ ಕೆಲಸದಲ್ಲಾಗುವ ಏರುಪೇರನ್ನು. ಗೆಡ್ಡೆ, ರಕ್ತಸ್ರಾವ, ಕ್ಷಯದ ಗಂಟುಗಳ ಶಂಕೆಯಿದ್ದಾಗ, ಎಂದೂ ಇಲ್ಲದ ನೋವು ಸಿಡಿದಂತೆ ಬಂದಾಗ, ಕೈಕಾಲು ಸೋತಾಗ ಸ್ಕ್ಯಾನ್ ಅನಿವಾರ್ಯ. ಉಳಿದವರಿಗೆ ವರದಿ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ‘ಏನೂ ಇಲ್ಲ’ ಎಂಬ ಆ ವರದಿ ಹಿಡಿದು ನೋವೇ ಸುಳ್ಳೆಂದು ಮನೆಯವರು ತಿಳಿಯುವುದು ದೊಡ್ಡ ಅನ್ಯಾಯ.